ಹನ್ನೊಂದು ಪುಟ

ಅಪ್ಪ ಚಿನ್ನದ ತಂತಿ ಎಳೆಯುತ್ತಿದ್ದ ಕಾಲಕ್ಕೆ
ಕಂಬಿಯಚ್ಚಿನ ಕೊನೆಯ ತೂತೇ ಕೊನೆ.
ನಾನು ಅದಕ್ಕೂ ಸಣ್ಣದನ್ನು ಹಿಡಿದು ಕೂತಿದ್ದೇನೆ,
ಹದಿನೆಂಟು ಮೈಕ್ರಾನು. ಉಸಿರು ಬಿಟ್ಟರೆ
ಎತ್ತ ಹೋಯಿತೆಂದು ಟೇಬಲ್ಲು ಪೂರ್ತಿ ತಡಕಬೇಕು.

ಬೆಳ್ಳಿ ಅಂಟಿನ ಒಂದು ಚುಕ್ಕೆ,
ಐಸಿನ ಮೇಲೆ ಮಂಪರು ಹಿಡಿದ ಸಿಲ್ಲಿಡ್ಡಿನ ಬೆನ್ನು
(ಎಳ್ಳಿನಷ್ಟಿಲ್ಲ, ರೆಕ್ಕೆಗೆ ಕಂದು ಮಚ್ಚೆ).
ತಂತಿ ತಾಗಿಸಿ, ಹತ್ತೆಣಿಸಿ, ಕೈ ಬಿಡುತ್ತೇನೆ.
ನಮ್ಮ ವಂಶದಲ್ಲಿ ಇಷ್ಟು ಪುಟ್ಟ ಮೈಗೆ
ಯಾರೂ ಒಡವೆ ತೊಡಿಸಿದ್ದಿಲ್ಲ.

ಎರಡು ಡಬ್ಬಿ.
ಒಂದರಲ್ಲಿ ಮಳವಳ್ಳಿ ಕಡೆಯ ಹುಳು,
ಚಿಕ್ಕತಾಯಮ್ಮನ ನಿಂಬೆ ತೋಟದ್ದು.
ಸಿದ್ದಪ್ಪಾಜಿ ಬೆನ್ನಿಗೆ ಕ್ಯಾನು ಕಟ್ಟಿ
ಹೋದ ಚಿಗುರಿಂದ ಈ ಚಿಗುರಿಗೆ ಹನ್ನೊಂದು ಸಲ ಹೊಡೆದಿದ್ದಾನೆ.
ಮೊದಲು ಒಂದು ಮುಚ್ಚಳ, ಆಮೇಲೆ ಎರಡು,
ಆಮೇಲೆ ಅಂಗಡಿಯವನು ಹೇಳಿದಷ್ಟು,
ಆಮೇಲೆ ಸಿಟ್ಟು ಬಂದಷ್ಟು.

ಇನ್ನೊಂದರಲ್ಲಿ ನಮ್ಮ ಮನೆಯದು.
ನಜರಬಾದಿನ ಸಂದಿ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ
ಅಮ್ಮನ ಕರಿಬೇವು. ಹುಳಿ ಮಜ್ಜಿಗೆ ಬಿಟ್ಟರೆ
ಬೇರೆ ಔಷಧಿ ಕಂಡ ಗಿಡವಲ್ಲ.
ಒಗ್ಗರಣೆಗೆ ಕಿತ್ತಾಗ ಪಟ್ಟನೆ ಚಿಮ್ಮುವ ಈ ಬಡಪಾಯಿಗಳು
ನಮ್ಮ ವರದಿಯಲ್ಲಿ ‘ವಿಷ ಕಾಣದ ತಳಿ’.
ಅಮ್ಮನಿಗೆ ಹೇಳಿದೆ.
‘ನಮ್ಮನೇದು ಅಂತ ಬರ್ದಿದೀಯ ತಾನೆ?’ ಅಂದಳು.

ಮದ್ದು ಕುಡಿದ ಎಲೆ. ಎರಡೂ ತಲೆ ತಗ್ಗಿಸಿ
ಹಿಂಭಾಗ ಮೇಲೆತ್ತಿ ಕೂರುತ್ತವೆ,
ಅಡ್ಡಬಿದ್ದಂತೆ, ಊಟಕ್ಕೆ.
ಮೂತಿ ಎಲೆಗಿಳಿದೊಡನೆ ಕರೆಂಟು ಸುತ್ತು ಮುಗಿಸುತ್ತದೆ,
ಪರದೆಯ ಮೇಲೆ ಗೆರೆ ನಡುಗುತ್ತದೆ.
ಗಿಜಿಬಿಜಿಯಾದರೆ ದಾರಿ ಹುಡುಕುತ್ತಿದೆ.
ಇದ್ದಕ್ಕಿದ್ದಂತೆ ಕುಸಿದರೆ ನಾಳ ಸಿಕ್ಕಿತು.
ಮೊದಲು ಉಗುಳುತ್ತದೆ, ಆಮೇಲೆ ಹೀರುತ್ತದೆ.
ಆ ಉಗುಳಲ್ಲೇ ತೋಟದ ಹಳದಿ ಇಳಿಯುವುದು.

ನಮ್ಮನೇದು ಚುಚ್ಚಿತು, ಕಿತ್ತಿತು, ಇನ್ನೊಂದೆಡೆ ಚುಚ್ಚಿತು,
ಹೊಸ ಬಡಾವಣೆಯಲ್ಲಿ ಮನೆ ನಂಬರು ಹುಡುಕುವವರ ಹಾಗೆ
ಕಂಡ ಕಂಡ ಬಾಗಿಲು ತಟ್ಟಿತು.
ನಾಲ್ಕು ಹತ್ತಕ್ಕೆ ಗೆರೆ ನೆಟ್ಟಗಾಯಿತು.
ತಂತಿಯ ತುದಿಗೆ ಜೋತುಬಿತ್ತು, ಮೂಗುತಿಯ ಹರಳಿನಂತೆ.

ಮಳವಳ್ಳಿಯದು ಒಂದಿಷ್ಟು ಅಲೆಯಿತು.
ಒಮ್ಮೆ ನೀರಿನ ನಾಳಕ್ಕೆ ಬಾಯಿಟ್ಟಿತು, ಮದ್ದು ಏರುವ ದಾರಿ ಅದು,
ಬಿಸಿ ಕಾಫಿಗೆ ತುಟಿ ಸುಟ್ಟವರಂತೆ ಹಿಂದೆಗೆಯಿತು.
ಆಮೇಲೆ ರಸದ ನಾಳ. ಕೂತಿತು ನೋಡಿ.
ಲ್ಯಾಬಿನ ವ್ಯಾನು ಬಂತು, ಹಾರನ್ನು ಮಾಡಿತು, ಹೋಯಿತು.
ನಾನು ಡಬ್ಬಿ ಬಿಚ್ಚಿದೆ. ನಿಂಬೆಹುಳಿ ಚಿತ್ರಾನ್ನ.
ಒಂದೇ ಮೇಜು, ಒಂದೇ ಗಿಡದ ಋಣ,
ಇಬ್ಬರೂ ಮಾತಾಡದೆ ಉಂಡೆವು.

ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ.
ಅಂಗಡಿ ಎಂದೋ ಮುಚ್ಚಿದೆ, ಒರೆಗಲ್ಲು ಮಾತ್ರ
ಕನ್ನಡಕದ ಡಬ್ಬಿಯ ಪಕ್ಕ.
‘ಹನ್ನೊಂದು ಸಲ ಪುಟಕ್ಕೆ ಹಾಕವ್ರೆ’ ಅಂದರು,
‘ಬೇಗಡೆ ಎಲ್ಲ ಸುಟ್ಟು, ಅಪರಂಜಿ ಉಳಿದದೆ.’
ಹುಳುವಿನ ಬಗ್ಗೆ ಅಷ್ಟು ಗೌರವದ ಮಾತು
ನಮ್ಮ ಲ್ಯಾಬಲ್ಲಿ ಯಾರೂ ಆಡಿಲ್ಲ.
ಸ್ವಲ್ಪ ಹೊತ್ತು ಬಿಟ್ಟು, ತಮಗೇ ಹೇಳಿಕೊಂಡಂತೆ:
‘ಅಪರಂಜಿ ಬೆರಕೆ ಮಾಡ್ದೆ ಒಡವೆಗೆ ಬರಲ್ಲ.
ತಾಮ್ರ ಬೇಕು.’

ಬೆಳಿಗ್ಗೆ ಚಿಕ್ಕತಾಯಮ್ಮನಿಗೆ ಫೋನು ಮಾಡಿದೆ.
ಎರಡು ಸಾಲು ಹೊಡೆಯದೆ ಬಿಡಿ ಅಕ್ಕ,
ಮೆತ್ತಗಿನ ಹುಳುವೂ ಉಳಿಯಲಿ, ಗಟ್ಟಿಯವಕ್ಕೆ ಜೋಡಿಯಾಗಲಿ,
ಮರಿಗಳಿಗೆ ಮದ್ದು ಮತ್ತೆ ಮದ್ದಾದೀತು.
ಆ ಕಡೆ ಪಂಪಿನ ಸದ್ದು.
‘ಬಿಡ್ತೀನಿ ಕವ್ವ. ಆ ಎರಡ್ ಸಾಲಿನ ಕಾಯಿ ಮಾತ್ರ
ನಿಮ್ಮಪ್ಪ ತೂಗಿಸ್ಕೊಡ್ತಾರಾ?’
ಬಿಡುತ್ತಾಳೋ ಇಲ್ಲವೋ, ತಿಳಿಯಲಿಲ್ಲ.

ಇವತ್ತಿನ ಓಟಕ್ಕೆ ಮತ್ತೆ ನಮ್ಮನೇ ಹುಳು ಬೇಕು.
ಟಾರ್ಚು ಹಿಡಿದು ಸಂದಿಗೆ ಹೋದರೆ
ಕರಿಬೇವಿನಲ್ಲಿ ಒಂದು ಚಿಗುರಿಲ್ಲ.
ಒಳಗೆ ಬಾಣಲೆಯ ಮೇಲೆ, ಅಮ್ಮನ ಚಟ್ನಿಪುಡಿಗೆ,
ಗರಿಗರಿ ಹುರಿಯುತ್ತಿದೆ
ನನ್ನ ವಿಷ ಕಾಣದ ತಳಿ.